ಎರಡು ಚೋಳಮಂಡಲಗಳು

ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ತಮಿಳು ಶಾಸನಗಳಿರುವುದನ್ನು ನನ್ನಲ್ಲಿ ಚರಿತ್ರೆಯ ಪಾಠ ಕೇಳಿದವರೆಲ್ಲರೂ ಬಲ್ಲಿರಿ. ಸುಮಾರು ಸಾವಿರ ವರ್ಷಗಳ ಹಿಂದೆ ಗಂಗರ ಕುವಳಾಲಪುರ ಚೋಳರ ಕೈಸೇರಿದ ಮೇಲೆ ನಮ್ಮ ಸೀಮೆಗೆ ‘ನಿಕರಿಲಿ ಚೋಳಮಂಡಲ’ ಎಂಬ ಹೆಸರು ಬಂದಿತು. ಹೀಗೆ ನಾವೂ ಒಂದು ಕಾಲಕ್ಕೆ ಚೋಳಮಂಡಲದವರೇ. ಮೂಲ ಚೋಳಮಂಡಲದ ಕಡಲತೀರವನ್ನು ಐರೋಪ್ಯ ವರ್ತಕರು ತಮ್ಮ ನಾಲಿಗೆಗೆ ಹೊಂದಿಸಿಕೊಂಡು ಕೋರಮಂಡಲ ಎಂದು ಕರೆದರು. ಅದೇ ತೀರದಲ್ಲಿ 1966ರಲ್ಲಿ ಕೆಲವು ಕಲಾವಿದರು ಒಂದು ಊರನ್ನೇ ಕಟ್ಟಿಕೊಂಡು ಅದಕ್ಕೆ ‘ಚೋಳಮಂಡಲ ಕಲಾವಿದರ ಗ್ರಾಮ’ ಎಂದು ಹೆಸರಿಟ್ಟರು. ಇಂದು ಅಲ್ಲಿ ಒಂದು ಖಾಸಗಿ ಕಲಾ ಸಂಗ್ರಹಾಲಯವಿದೆ. ಅದನ್ನು ನೋಡಿ ಬಂದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದ ವಿಚಾರಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮದರಾಸಿನ ಕಲಾಶಾಲೆ ಹಳೆಯದು. 1850ರಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ವೈದ್ಯರು ಅದನ್ನು ಪ್ರಾರಂಭಿಸಿದರು. ಮರೀನಾ ಕಡಲತೀರದಲ್ಲಿರುವ ಶ್ರಮಿಕರ ವಿಗ್ರಹವನ್ನು ರಚಿಸಿದ ದೇವಿಪ್ರಸಾದ್ ರಾಯ್ ಚೌಧುರಿಯವರು 1929ರಿಂದ ಅದರ ಮುಖ್ಯಸ್ಥರಾಗಿದ್ದರು. ಅವರ ತರುವಾಯ 1957ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಆ ಸ್ಥಾನಕ್ಕೆ ಬಂದರು. ಪಣಿಕ್ಕರರನ್ನು ಒಂದು ಚಿಂತೆ ಕಾಡುತ್ತಿತ್ತು. ಶಾಲೆಯಿಂದ ಪ್ರತಿಭಾವಂತ ಹುಡುಗರು ಹೊರಬರುತ್ತಿದ್ದರು. ಆದರೆ ಆ ದಿನಗಳಲ್ಲಿ ದಕ್ಷಿಣದಲ್ಲಿ ಆಧುನಿಕ ಚಿತ್ರಗಳನ್ನು ಕೊಳ್ಳುವವರು ಬಹು ವಿರಳ. ಯಾವುದೋ ಕಚೇರಿಯ ನೌಕರಿ ಹಿಡಿದೊಡನೆ ಕುಂಚ ಮೂಲೆ ಸೇರುತ್ತಿತ್ತು.

ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಕೈಕಸಬಿನಿಂದ ಹೊಟ್ಟೆಪಾಡು, ಉಳಿದ ಹೊತ್ತಿನಲ್ಲಿ ಮನಸ್ಸಿಗೊಪ್ಪಿದ ಕಲೆ. ಬಟ್ಟೆಯ ಮೇಲೆ ಕರಗಿಸಿದ ಮೇಣದಿಂದ ಚಿತ್ರ ಬರೆದು, ಬಣ್ಣದಲ್ಲಿ ಅದ್ದಿ, ಮೇಣ ಕುಳಿತ ಕಡೆ ಬಣ್ಣ ಹತ್ತದಂತೆ ಮಾಡುವ ಬಾಟಿಕ್ ಕೆಲಸ, ತೊಗಲಿನ ಕೆಲಸ, ಲೋಹದ ಕೆಲಸ ಇವೆಲ್ಲವನ್ನೂ ಕೈಗೆತ್ತಿಕೊಂಡರು. ಕರಕುಶಲ ವಸ್ತುಗಳ ಮಾರಾಟಕ್ಕೆ ತಮ್ಮದೇ ಸಂಘ ಕಟ್ಟಿದರು. ಮಾರಾಟದಿಂದ ಬಂದ ಹಣದಿಂದ ನಗರದ ದಕ್ಷಿಣಕ್ಕೆ ಇಂಜಂಬಾಕ್ಕಂ ಎಂಬಲ್ಲಿ ಸುಮಾರು ಹತ್ತು ಎಕರೆ ಮರಳುನೆಲ ಕೊಂಡರು. ಸರಕಾರದ ಮುಂದೆ ಕೈಚಾಚದೆ, ಶ್ರೀಮಂತರ ಆಶ್ರಯ ಬೇಡದೆ, ತಮ್ಮ ದುಡಿಮೆಯಿಂದಲೇ ನೆಲ ಸಂಪಾದಿಸಿದ್ದು ಭಾರತೀಯ ಕಲೆಯ ಚರಿತ್ರೆಯಲ್ಲಿ ಗಮನಾರ್ಹವಾದ ಸಂಗತಿ. ಅಂದು ಅದು ಮೀನುಗಾರರ ಹಳ್ಳಿಗಳ ನಡುವಿನ ಬಯಲು. 2011ರಲ್ಲಿ ಇಂಜಂಬಾಕ್ಕಂ ಚೆನ್ನೈ ನಗರಪಾಲಿಕೆಗೆ ಸೇರಿತು. ಈಗ ಪೂರ್ವ ಕರಾವಳಿ ರಸ್ತೆಯಲ್ಲಿ ವಾಹನಗಳ ಭರಾಟೆ.

ಈ ಸಾಹಸದಲ್ಲಿ ನಮ್ಮ ನಾಡಿನ ಪಾಲೂ ಇದೆ. 1941ರಲ್ಲಿ ಮೈಸೂರಿನಲ್ಲಿ ಜನಿಸಿದ ಎಸ್.ಜಿ. ವಾಸುದೇವ್ ಗ್ರಾಮದ ಸ್ಥಾಪಕ ಸದಸ್ಯರಲ್ಲೊಬ್ಬರು. 1970ರ ‘ಸಂಸ್ಕಾರ’ ಚಲನಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಇವರೇ. ತಾಮ್ರದ ತಗಡನ್ನು ಹಿಂಬದಿಯಿಂದ ಬಡಿದು ಉಬ್ಬುಚಿತ್ರ ಮೂಡಿಸುವ ಕೆಲಸದಲ್ಲಿಯೂ ಇವರದು ಪಳಗಿದ ಕೈ. 1988ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು.

ಚೆನ್ನೈಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನಾನು ಈ ಗ್ರಾಮವನ್ನು ನೋಡಿದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಗ್ರಹವೊಂದನ್ನು ತಲುಪಿಸಲು ಅದೇ ಊರಿಗೆ ಬಂದಿದ್ದನು, ಅವನೂ ಜೊತೆಯಾದನು. ಶಿವಾರಪಟ್ಟಣವೆಂದರೆ ಉಳಿಯ ಸದ್ದಿನ ಊರು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ತಲೆಮಾರುಗಳಿಂದ ಅಲ್ಲಿನ ಮನೆಗಳ ಮುಂದೆ ದೇವರುಗಳು ಕಲ್ಲಿನಿಂದ ಎದ್ದು ಬರುತ್ತಿವೆ.

ಸಂಗ್ರಹಾಲಯ 2009ರಲ್ಲಿ ತೆರೆದದ್ದು. ‘ಮದರಾಸು ಚಳವಳಿ’ ಎಂದು ಹೆಸರಾದ ಕಲಾವಿದರ ಕೃತಿಗಳು ಅಲ್ಲಿವೆ. ಪಣಿಕ್ಕರರು 1963ರಿಂದೀಚೆಗೆ ಚಿತ್ರಗಳಲ್ಲಿ ಅಕ್ಷರಗಳನ್ನೂ ಚಿಹ್ನೆಗಳನ್ನೂ ಹರಡಿದರು. ಆ ಮಲಯಾಳ ಲಿಪಿ ಓದಲು ಬರೆದದ್ದಲ್ಲ, ನೋಡಲು ಬರೆದದ್ದು. ಹಳೆಯ ಜಾತಕದ ಹಾಳೆಯನ್ನು ಮುಂದಿಟ್ಟುಕೊಂಡಂತೆ ನನಗೆ ಭಾಸವಾಯಿತು. ಜಾನಕಿರಾಮ್ ಮತ್ತು ಪಣಿಕ್ಕರರ ಮಗ ನಂದಗೋಪಾಲ್ ಅವರ ಲೋಹಶಿಲ್ಪಗಳು ಎದುರಿನಿಂದ ನೋಡಲೆಂದೇ ರಚಿತವಾದವು. ಉತ್ಸವಕಾಲದಲ್ಲಿ ದೇವರಿಗೆ ತೊಡಿಸುವ ಕವಚದ ನೆನಪು ತರುತ್ತವೆ. ಹೊಸದೆನ್ನುವ ಈ ಕಲೆಯ ಬೇರು ನಮ್ಮ ಗುಡಿಗಳಲ್ಲಿಯೇ ಇದೆಯೆಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು.

ಹೊರಗೆ ಮರಗಳ ನೆರಳಲ್ಲಿ ಶಿಲ್ಪೋದ್ಯಾನ. ಒಂದು ಕಲ್ಲಿನ ಒಂದು ಮೈ ಕನ್ನಡಿಯಂತೆ ನಯ, ಇನ್ನೊಂದು ಮೈ ಒರಟು. ಅರ್ಧಕ್ಕೇ ಬಿಟ್ಟಿರಬಹುದೇ ಎಂದು ನಾನು ಕೇಳಿದೆ. ಅವನು ಒರಟು ಮೈಯ ಮೇಲೆ ಅಂಗೈ ಆಡಿಸಿ, “ಇಲ್ಲ ಮೇಷ್ಟ್ರೇ, ಉಳಿ ಏಟು ಎಲ್ಲಾ ಒಂದೇ ಸಮ ಬಿದ್ದೈತೆ. ಬೇಕಂತಲೇ ಉಳಿಸವ್ರೆ. ನಾವಾದ್ರೆ ಈ ಗುರುತು ಕಾಣಬಾರದು ಅಂತ ತಿಕ್ಕೀ ತಿಕ್ಕೀ ಸಾಯ್ತೀವಿ,” ಎಂದನು. ಯಾವ ಕಲಾವಿಮರ್ಶಕನೂ ನನಗೆ ಇಷ್ಟು ಚೆನ್ನಾಗಿ ತಿಳಿಸಿರಲಿಲ್ಲ.

ಆಮೇಲೆ ಮರದ ಕೆಳಗೆ ಕುಳಿತಾಗ ಅವನ ಮನಸ್ಸಿನಲ್ಲಿದ್ದದ್ದು ಹೊರಬಿದ್ದಿತು. ಮಗನಿಗೆ ಚಿತ್ರಕಲಾ ಪರಿಷತ್ತಿಗೆ ಸೇರುವ ಹಂಬಲ. ಅಳತೆ ಹಿಡಿದು ದೇವರನ್ನು ಕಡೆಯುವುದು ಅವನಿಗೆ ಒಲ್ಲದು. “ದೇವರಿಗಾದರೆ ಗಿರಾಕಿ ಉಂಟು ಮೇಷ್ಟ್ರೇ, ಇಂಥಾದ್ದಕ್ಕೆ ಯಾರು ಕಾಸು ಕೊಡ್ತಾರೆ? ನಂಗೆ ಭಯ,” ಎಂದನು.

ಅವನ ಭಯ ಹುರುಳಿಲ್ಲದ್ದೆಂದು ನಾನು ಹೇಳಲಾರೆ. ಪಣಿಕ್ಕರರನ್ನು ಕಾಡಿದ್ದೂ ಅದೇ ಪ್ರಶ್ನೆ. ನಾನು ಹೇಳಿದ್ದು ಇಷ್ಟೆ: “ಈ ಊರನ್ನು ಕಟ್ಟಿದವರಿಗೆ ಕಸಬು ಗೊತ್ತಿರಲಿಲ್ಲ, ಕಲಿತು, ಅದರಿಂದ ಅನ್ನ ಸಂಪಾದಿಸಿ, ತಮಗೆ ಬೇಕಾದ ಚಿತ್ರ ಬರೆದರು. ನಿನ್ನ ಮಗನಿಗೆ ಕಸಬು ಹುಟ್ಟಿನಿಂದಲೇ ಬಂದಿದೆ. ಅವರು ಎಲ್ಲಿಗೆ ತಲುಪಿ ಶುರುಮಾಡಿದರೋ ಅಲ್ಲಿಂದಲೇ ಅವನು ಹೊರಡುತ್ತಾನೆ. ಉಳಿ ಕೈಬಿಡಬೇಡವೆಂದು ಹೇಳು, ಆದರೆ ಹೋಗಲು ಬಿಡು.” ಅವನು ಒಪ್ಪಿದನೆಂದು ಹೇಳುವಂತಿಲ್ಲ. ಯೋಚಿಸಿ ನೋಡುತ್ತೇನೆಂದನು. ತಂದೆಯಾದವನು ಅಷ್ಟು ಹೇಳಿದ್ದೇ ದೊಡ್ಡದು.

2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿಯೂ ಕಲೆ ಮತ್ತು ಛಾಯಾಚಿತ್ರಗಳ ದೊಡ್ಡ ಖಾಸಗಿ ಸಂಗ್ರಹಾಲಯ ತೆರೆದಿದೆ. ಅಂಥವನ್ನು ಸಂಗ್ರಾಹಕರು ಕಟ್ಟುತ್ತಾರೆ. ಅದಕ್ಕೂ ನಾವು ಕೃತಜ್ಞರಾಗಿರಬೇಕು. ಕಲಾವಿದರೇ ದುಡಿದು ಕಟ್ಟಿಕೊಂಡದ್ದು ಚೋಳಮಂಡಲ. ಆ ಮೊದಲ ತಲೆಮಾರಿನವರಲ್ಲಿ ಅನೇಕರು ಈಗಿಲ್ಲ. ಪಣಿಕ್ಕರರು 1977ರಲ್ಲಿಯೇ ತೀರಿಕೊಂಡರು, ನಂದಗೋಪಾಲ್ 2017ರಲ್ಲಿ. ಊರು ಮಾತ್ರ ಉಳಿದಿದೆ.

ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿರುವ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ಚೆನ್ನೈಗೆ ಹೋದಾಗ ಮಕ್ಕಳಿಗೆ ಕಡಲು ತೋರಿಸಿದ ಮೇಲೆ ಅರ್ಧ ದಿನ ಇಲ್ಲಿಗೂ ಕರೆದೊಯ್ಯಿರಿ. ಅದಕ್ಕೆ ಮೊದಲು ಒಂದು ಭಾನುವಾರ ಶಿವಾರಪಟ್ಟಣಕ್ಕೆ ಹೋಗಿ ಕಲ್ಲು ಕಡೆಯುವುದನ್ನು ನೋಡಿ ಬಂದರೆ, ಅಲ್ಲಿ ಕಾಣುವುದು ಇನ್ನೂ ಹೆಚ್ಚು ಅರ್ಥವಾಗುತ್ತದೆ.