ವಿಂಡೋಸ್ ಸ್ಟೆಡಿಸ್ಟೇಟ್

ವಿಂಡೋಸ್ ಸ್ಟೆಡಿಸ್ಟೇಟ್ ಎಂಬುದು ಶಾಲೆ, ಗ್ರಂಥಾಲಯ, ಸೈಬರ್ ಕೆಫೆ ಮೊದಲಾದೆಡೆ ಹಲವರು ಬಳಸುವ ಗಣಕಯಂತ್ರಗಳ ರಕ್ಷಣೆಗಾಗಿ ಮೈಕ್ರೋಸಾಫ್ಟ್ ಸಂಸ್ಥೆಯು ಒದಗಿಸಿದ್ದ ಉಚಿತ ತಂತ್ರಾಂಶ. 2005ರಲ್ಲಿ ಶೇರ್ಡ್ ಕಂಪ್ಯೂಟರ್ ಟೂಲ್‌ಕಿಟ್ ಎಂಬ ಹೆಸರಿನಲ್ಲಿ ಬಂದ ಇದು 2007ರಲ್ಲಿ ಸ್ಟೆಡಿಸ್ಟೇಟ್ ಎನಿಸಿಕೊಂಡಿತು. ಇದು ವಿಂಡೋಸ್ ಎಕ್ಸ್‌ಪಿಯಲ್ಲಿಯೂ ನಂತರ ವಿಸ್ತಾದಲ್ಲಿಯೂ ಕಾರ್ಯನಿರ್ವಹಿಸುತ್ತಿತ್ತು.

ಕಾರ್ಯವಿಧಾನ

ನಿರ್ವಾಹಕರು ಪ್ರತಿಯೊಂದು ಬಳಕೆದಾರ ಖಾತೆಗೂ ಪ್ರತ್ಯೇಕ ನಿರ್ಬಂಧಗಳನ್ನು ವಿಧಿಸಬಹುದಾಗಿತ್ತು. ಕಂಟ್ರೋಲ್ ಪ್ಯಾನೆಲ್ ಹಾಗೂ ಆಯ್ದ ಡ್ರೈವ್‌ಗಳನ್ನು ಮರೆಮಾಡುವುದು, ನಿರ್ದಿಷ್ಟ ತಂತ್ರಾಂಶಗಳನ್ನು ತಡೆಯುವುದು, ಬಳಕೆಯ ಅವಧಿಯನ್ನು ಮಿತಗೊಳಿಸುವುದು ಇವುಗಳಲ್ಲಿ ಮುಖ್ಯವಾದವು. ಇದರ ಡಿಸ್ಕ್ ರಕ್ಷಣಾ ಸೌಲಭ್ಯವು ವಿಂಡೋಸ್ ಇರುವ ಡಿಸ್ಕ್ ವಿಭಾಗದಲ್ಲಾಗುವ ಬದಲಾವಣೆಗಳನ್ನು ತಾತ್ಕಾಲಿಕ ಕಡತವೊಂದರಲ್ಲಿ ಇರಿಸಿ, ಯಂತ್ರವು ಮರುಪ್ರಾರಂಭವಾದಾಗ ಅವನ್ನು ಕೈಬಿಡುವಂತೆ ಮಾಡಬಹುದಾಗಿತ್ತು. ಹೀಗಾಗಿ ಒಬ್ಬರ ಬಳಕೆಯಿಂದ ಸೇರಿಕೊಂಡ ವೈರಸ್ ಸಾಮಾನ್ಯವಾಗಿ ಮರುಪ್ರಾರಂಭದೊಂದಿಗೆ ಅಳಿಸಿಹೋಗುತ್ತಿತ್ತು.

ಮಿತಿಗಳು

ಮರುಪ್ರಾರಂಭವಾಗುವವರೆಗೆ ಈ ಅಳಿಕೆ ನಡೆಯುತ್ತಿರಲಿಲ್ಲ. ಲಾಗ್ ಔಟ್ ಮಾಡದೆ ಎದ್ದುಹೋದವರ ಇ-ಮೇಲ್ ಖಾತೆಯು ಮುಂದಿನ ಬಳಕೆದಾರರಿಗೆ ತೆರೆದೇ ಸಿಗುವ ಸಾಧ್ಯತೆಯಿತ್ತು. ಆದ್ದರಿಂದ ಯಂತ್ರದ ರಕ್ಷಣೆಯು ಬಳಸುವವರ ಗೌಪ್ಯತೆಗೆ ಪೂರ್ಣ ಖಾತರಿಯಾಗಿರಲಿಲ್ಲ.

ಸ್ಥಗಿತ

ವಿಂಡೋಸ್ 7ಕ್ಕೆ ಹೊಂದುವ ಆವೃತ್ತಿ ಬಿಡುಗಡೆಯಾಗಲಿಲ್ಲ. 2010ರ ಡಿಸೆಂಬರ್ 31ಕ್ಕೆ ತಂತ್ರಾಂಶದ ವಿತರಣೆಯೂ 2011ರ ಜೂನ್ 30ಕ್ಕೆ ಬೆಂಬಲವೂ ಕೊನೆಗೊಂಡವು.