ಪಾರದರ್ಶಕ ಹಲ್ಲಿನ ಅಲೈನರ್‌ನಿಂದ ಅಲರ್ಜಿ ಆಗುತ್ತದೆಯೇ?

ಹಲ್ಲು ನೇರವಾಗಿಸಲು ಲೋಹದ ಕ್ಲಿಪ್ ಬದಲು ಪಾರದರ್ಶಕ ಪ್ಲಾಸ್ಟಿಕ್ ಅಲೈನರ್ ಹಾಕಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. 'ಇದರಲ್ಲಿ ಲೋಹವಿಲ್ಲ, ಹಾಗಾಗಿ ಅಲರ್ಜಿಯ ಭಯವೇ ಇಲ್ಲ' ಎಂಬ ಮಾತನ್ನೂ ನಾವು ಕೇಳುತ್ತೇವೆ. ಇದು ಅರ್ಧ ಸತ್ಯ ಮಾತ್ರ.

ಯಾವ ಅರ್ಧ ಸತ್ಯ?

ಲೋಹದ ಕ್ಲಿಪ್‌ಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸಾಮಾನ್ಯವಾಗಿ ಶೇ. 8ರಷ್ಟು, ನಿಕ್ಕಲ್-ಟೈಟಾನಿಯಂ ತಂತಿಯಲ್ಲಿ ಸುಮಾರು ಅರ್ಧದಷ್ಟು ನಿಕ್ಕಲ್ ಇರುತ್ತದೆ. ಕೃತಕ ಆಭರಣ ಹಾಕಿದರೆ ಕಿವಿ, ಕತ್ತು ತುರಿಸುವವರಲ್ಲಿ ಹಲವರಿಗೆ ಇರುವುದು ಈ ನಿಕ್ಕಲ್ ಅಲರ್ಜಿಯೇ. ಅಂಥವರಿಗೆ ಅಲೈನರ್ ಒಳ್ಳೆಯ ಪರ್ಯಾಯ.

ಉಳಿದರ್ಧ

ಅಲೈನರ್‌ಗಳನ್ನು ಹೆಚ್ಚಾಗಿ ಪಾಲಿಯುರೆಥೇನ್ ಅಥವಾ ಪಿಇಟಿಜಿ ಎಂಬ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ದಿನಕ್ಕೆ 20ರಿಂದ 22 ಗಂಟೆ ಅದು ಬಾಯಲ್ಲೇ ಇರುತ್ತದೆ. ಹೆಚ್ಚಿನವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ವೈದ್ಯಕೀಯ ಸಾಧನಗಳ ಬಗ್ಗೆ ಸ್ವೀಕರಿಸುವ ದೂರುಗಳಲ್ಲಿ ಅಲೈನರ್ ಬಳಸಿದವರ ತುಟಿ, ನಾಲಿಗೆ, ಗಂಟಲು ಊದಿಕೊಂಡ, ಉಸಿರಾಟಕ್ಕೆ ತೊಂದರೆಯಾದ ಪ್ರಕರಣಗಳಿವೆ. ದೂರು ಬಂದಿದೆ ಎಂದ ಮಾತ್ರಕ್ಕೆ ಅಲೈನರೇ ಕಾರಣ ಎಂದು ಸಾಬೀತಾಗುವುದಿಲ್ಲ. ಎಷ್ಟು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂಬ ಲೆಕ್ಕವೂ ಅದರಿಂದ ಸಿಗುವುದಿಲ್ಲ. ಅಪರೂಪವಾದರೂ ಸಾಧ್ಯ ಎಂದಷ್ಟೇ ನಾವು ಹೇಳಬಹುದು.

ಪ್ಲಾಸ್ಟಿಕ್ ಒಂದೇ ಕಾರಣವಲ್ಲ

ಅಲೈನರ್ ಹಿಡಿತಕ್ಕಾಗಿ ಹಲ್ಲಿನ ಮೇಲೆ ಅಂಟಿಸುವ ಪುಟ್ಟ ಉಬ್ಬುಗಳ ರೆಸಿನ್‌ನಲ್ಲಿ ಮೆಥಾಕ್ರಿಲೇಟ್ ಎಂಬ ರಾಸಾಯನಿಕಗಳಿರುತ್ತವೆ. ಇವು ಅಲರ್ಜಿ ಉಂಟುಮಾಡಬಲ್ಲವು. ಎಳೆಯಲು ಹಾಕುವ ಕೆಲವು ರಬ್ಬರ್ ಬ್ಯಾಂಡ್‌ಗಳಲ್ಲಿ ಲ್ಯಾಟೆಕ್ಸ್ ಇರುತ್ತದೆ. ಅಲೈನರ್ ತೊಳೆಯುವ ಮಾತ್ರೆಗಳಲ್ಲಿ ಹಲವಕ್ಕೆ ಪರ್ಸಲ್ಫೇಟ್ ಬೆರೆಸಿರುತ್ತಾರೆ. ಹಲ್ಲಿನ ಸೆಟ್ ತೊಳೆಯುವ ಮಾತ್ರೆಗಳಲ್ಲಿನ ಇದೇ ಅಂಶದಿಂದ ಅಲರ್ಜಿ ಆಗುತ್ತಿದೆ ಎಂದು ಎಫ್‌ಡಿಎ 2008ರಲ್ಲಿ ಎಚ್ಚರಿಸಿತ್ತು.

ಉಜ್ಜಿದ ಗಾಯವೋ, ಅಲರ್ಜಿಯೋ?

ಹೊಸ ಅಲೈನರ್ ಹಾಕಿದಾಗ ಹಲ್ಲು ಬಿಗಿದಂತಾಗುವುದು, ಅಂಚು ಉಜ್ಜಿ ಒಂದೇ ಜಾಗದಲ್ಲಿ ಹುಣ್ಣಾಗುವುದು ಅಲರ್ಜಿಯಲ್ಲ. ದಂತವೈದ್ಯರು ಅಂಚನ್ನು ನಯಮಾಡಿದರೆ ಅದು ವಾಸಿಯಾಗುತ್ತದೆ. ಪ್ಲಾಸ್ಟಿಕ್ ತಾಗುವ ಕಡೆಯೆಲ್ಲ ವಸಡು, ಕೆನ್ನೆಯ ಒಳಭಾಗ ಕೆಂಪಾಗಿ ಉರಿಯುವುದು, ತುಟಿ ತುರಿಸುವುದು, ತೆಗೆದಿಟ್ಟರೆ ಕಡಿಮೆಯಾಗಿ ಹಾಕಿದರೆ ಮರುಕಳಿಸುವುದು ಅಲರ್ಜಿಯ ಸೂಚನೆ. ಇದು ಅಲೈನರ್ ಹಾಕಿದ ಒಂದೆರಡು ದಿನಗಳ ನಂತರವೂ ಕಾಣಿಸಿಕೊಳ್ಳಬಹುದು.

ಏನು ಮಾಡಬೇಕು?

ಅನುಮಾನ ಬಂದರೆ ಅಲೈನರ್ ತೆಗೆದು ದಂತವೈದ್ಯರಿಗೆ ತಿಳಿಸಿ. ಬಳಸುತ್ತಿದ್ದ ಮಾತ್ರೆಯ ಹೆಸರನ್ನೂ ಹೇಳಿ. ಅಗತ್ಯವಿದ್ದರೆ ಚರ್ಮರೋಗ ತಜ್ಞರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಯ ಬಳಿಕ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಪರೀಕ್ಷಿಸುತ್ತಾರೆ. ಕಾರಣ ಮಾತ್ರೆಯಾಗಿದ್ದರೆ ಅದನ್ನು ಬಿಟ್ಟರೆ ಸಾಕು, ಚಿಕಿತ್ಸೆ ಮುಂದುವರಿಸಬಹುದು. ಪ್ಲಾಸ್ಟಿಕ್ ಆಗಿದ್ದರೆ ಬೇರೆ ವಸ್ತುವಿನ ಅಲೈನರ್ ಅಥವಾ ಬೇರೆ ವಿಧಾನದ ಬಗ್ಗೆ ವೈದ್ಯರೊಂದಿಗೆ ಚರ್ಚಿಸಿ.

ಆದರೆ ನಾಲಿಗೆ ಅಥವಾ ಗಂಟಲು ಊದಿಕೊಂಡರೆ, ಉಸಿರು ಕಟ್ಟಿದಂತಾದರೆ, ಮೈಮೇಲೆ ದದ್ದು ಎದ್ದು ತಲೆ ಸುತ್ತಿದರೆ ಕಾರಣ ಹುಡುಕುತ್ತಾ ಕೂರಬೇಡಿ. ಮನೆಮದ್ದನ್ನೂ ನೆಚ್ಚಿಕೊಳ್ಳಬೇಡಿ. ಅಲೈನರ್ ತೆಗೆದು ತಕ್ಷಣ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ. ಇದು ಜೀವಕ್ಕೆ ಅಪಾಯ ತರಬಲ್ಲ ಸ್ಥಿತಿ.

ಈ ಹಿಂದೆ ರಬ್ಬರ್ ಕೈಗವಸು, ಕೂದಲಿನ ಬಣ್ಣ, ಕೃತಕ ಉಗುರು ಅಥವಾ ಆಭರಣದಿಂದ ಅಲರ್ಜಿ ಆಗಿದ್ದರೆ ಅಳತೆ ಕೊಡುವ ಮೊದಲೇ ದಂತವೈದ್ಯರಿಗೆ ಹೇಳಿಬಿಡಿ.