ಅರಿವಳಿಕೆ ಬಂದ ದಾರಿ



ಆಪರೇಷನ್ ಎಂದೊಡನೆ ಪೋತ್ತನೂರಿನ ನಮ್ಮ ಮನೆಗಳಲ್ಲಿ ಹುಟ್ಟುವ ಮೊದಲ ಪ್ರಶ್ನೆ, "ಮತ್ತು ಕೊಟ್ಟ ಮೇಲೆ ಎಚ್ಚರವಾಗದಿದ್ದರೆ?" ನನ್ನ ಅಕ್ಕನೂ ಎದೆಯಲ್ಲಿ ಕಂಡ ಗಂಟನ್ನು ಈ ಹೆದರಿಕೆಯಿಂದಲೇ ಎಂಟು ತಿಂಗಳು ಮುಚ್ಚಿಟ್ಟಿದ್ದಳು. ಆದ್ದರಿಂದ ಈ ಮತ್ತಿನ ಮದ್ದು, ಅಂದರೆ ಅರಿವಳಿಕೆ, ಬಂದ ದಾರಿಯನ್ನು ತಾವು ಸ್ವಲ್ಪ ತಿಳಿಯಬೇಕು.

ಅರಿವಳಿಕೆ ಇಲ್ಲದ ಕಾಲ ಹೇಗಿತ್ತು? 1811ರಲ್ಲಿ ಪ್ಯಾರಿಸಿನಲ್ಲಿ ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಗಾರ್ತಿಯ ಸ್ತನವನ್ನು ವೈದ್ಯರು ಕ್ಯಾನ್ಸರೆಂದು ಕೊಯ್ದು ತೆಗೆದರು. ನೋವಿಗೆಂದು ಕೊಟ್ಟದ್ದು ದ್ರಾಕ್ಷಾರಸದ ಪಾನಕ ಮಾತ್ರ. ಆಕೆ ಅದನ್ನು ತನ್ನ ಅಕ್ಕನಿಗೆ ಬರೆದು ತಿಳಿಸಲು ತಿಂಗಳುಗಳೇ ಹಿಡಿದವು.

ಸೋಜಿಗವೆಂದರೆ, ಅದಕ್ಕೂ ಏಳು ವರ್ಷ ಮೊದಲೇ, 1804ರಲ್ಲಿ, ಜಪಾನಿನ ವೈದ್ಯ ಹನಾವೊಕಾ ಸೇಶು ಅವರು ಅರವತ್ತು ವರ್ಷದ ಒಬ್ಬಾಕೆಗೆ ಮತ್ತು ಬರಿಸಿ ಸ್ತನದ ಕ್ಯಾನ್ಸರ್ ಗೆಡ್ಡೆಯನ್ನು ತೆಗೆದಿದ್ದರು. ಕುಡಿಸಿದ ಔಷಧದ ಮುಖ್ಯ ಮೂಲಿಕೆ ಯಾವುದು ಬಲ್ಲಿರಾ? ನಮ್ಮ ಬೇಲಿಬದಿಯ ಉಮ್ಮತ್ತಿಯ ಜಾತಿಯದೇ! ಅದು ಘೋರ ವಿಷ, ಮನೆಯಲ್ಲಿ ಯಾರೂ ಪರೀಕ್ಷಿಸಬಾರದು. ಜಪಾನ್ ಆಗ ಹೊರಜಗತ್ತಿಗೆ ಬಾಗಿಲು ಮುಚ್ಚಿದ್ದರಿಂದ ಆ ವಿದ್ಯೆ ಹೊರಬರಲಿಲ್ಲ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ದಂತವೈದ್ಯ ಮಾರ್ಟನ್ ರೋಗಿಗೆ ಈಥರ್ ಮೂಸಿಸಿದರು. ಡಾಕ್ಟರ್ ವಾರೆನ್ ಆತನ ಕತ್ತಿನ ಗೆಡ್ಡೆಗೆ ಆಪರೇಷನ್ ಮಾಡಿದರು. ಮರುವರ್ಷವೇ ಈಥರ್ ಕಲ್ಕತ್ತೆಗೂ ಬಂತು. ರೋಗಿ ಕಿರುಚಾಡುತ್ತಿರುವಾಗ ನಿಮಿಷಗಳಲ್ಲಿ ಮುಗಿಸಬೇಕಾಗಿದ್ದ ಕೆಲಸಕ್ಕೆ ಈಗ ಸಾವಧಾನ ದೊರೆಯಿತು. 1881ರಲ್ಲಿ ವಿಯೆನ್ನಾದ ಬಿಲ್ರೋತ್ ಜಠರದ ಕ್ಯಾನ್ಸರ್ ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕರುಳಿಗೆ ಹೊಲಿದರು.

2022ರಲ್ಲಿ ಜಗತ್ತಿನ ಸುಮಾರು 2 ಕೋಟಿ ಜನರಿಗೆ ಹೊಸದಾಗಿ ಕ್ಯಾನ್ಸರ್ ಬಂದಿದೆ. ಭಾರತದಲ್ಲಿ ಸುಮಾರು 14 ಲಕ್ಷ. 2050ಕ್ಕೆ ಜಗತ್ತಿನ ಲೆಕ್ಕ 3.5 ಕೋಟಿ ಮುಟ್ಟೀತೆಂದು ಅಂದಾಜು. ಇವರಲ್ಲಿ ಎಷ್ಟೋ ಮಂದಿಗೆ ಆಪರೇಷನ್ ಬೇಕು. ಆ ಹೊತ್ತೆಲ್ಲ ಅರಿವಳಿಕೆ ವೈದ್ಯರು ರೋಗಿಯ ತಲೆಯ ಬಳಿಯೇ ಇದ್ದು ಉಸಿರು, ನಾಡಿ, ರಕ್ತದೊತ್ತಡಗಳನ್ನು ಕಾಯುತ್ತಾರೆ.

ನಮ್ಮ ದೇಶದ್ದೇ ಒಂದು ಹೊಸ ಸಂಗತಿ ಕೇಳಿ. ಮುಂಬಯಿಯ ಟಾಟಾ ಆಸ್ಪತ್ರೆಯ ಮುಂದಾಳುತನದಲ್ಲಿ 11 ಕೇಂದ್ರಗಳಲ್ಲಿ ಸುಮಾರು 1,600 ಮಹಿಳೆಯರ ಮೇಲೆ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಆಪರೇಷನ್ನಿಗೆ ಕೆಲವು ನಿಮಿಷ ಮೊದಲು ಸ್ತನದ ಗೆಡ್ಡೆಯ ಸುತ್ತ ಮರಗಟ್ಟಿಸುವ ಅಗ್ಗದ ಮದ್ದು ಲಿಡೊಕೇನ್ ಚುಚ್ಚಿದವರಲ್ಲಿ ಐದು ವರ್ಷದ ನಂತರ ನೂರಕ್ಕೆ 90 ಮಂದಿ ಬದುಕಿದ್ದರು, ಚುಚ್ಚದವರಲ್ಲಿ 86.

ಅಕ್ಕನಿಗೆ ಕೊನೆಗೂ ಆಪರೇಷನ್ ಆಯಿತು. ಎಚ್ಚರವೂ ಆಯಿತು. ಎಚ್ಚರವಾದವಳು ಮೊದಲು ಕೇಳಿದ್ದು ಕಾಫಿ. ಆದರೆ ಅಷ್ಟರಲ್ಲಿ ರೋಗ ಕಂಕುಳಿಗೂ ಹರಡಿತ್ತು. ಎರಡೇ ವರ್ಷ ನಮ್ಮೊಡನಿದ್ದಳು. ಬ್ಯಾಂಕಿನಲ್ಲಿ ಲೆಕ್ಕ ಬರೆದವನು ನಾನು. ಅವಳ ಲೆಕ್ಕದಲ್ಲಿ ಕೈಬಿಟ್ಟದ್ದು ಆ ಎಂಟು ತಿಂಗಳು.

ನಿಮ್ಮ ಮನೆಯಲ್ಲಿ ಯಾರಾದರೂ ಗಂಟು ಮುಚ್ಚಿಟ್ಟಿದ್ದರೆ, ಇಂದೇ ಕೇಳಿ, ಕರೆದುಕೊಂಡು ಹೋಗಿ.